ಟೆಂಟಿನವನಿಗೆ ಮಾತು ಬರುತ್ತದೆ

2025ರ ನವೆಂಬರ್‌ನಲ್ಲಿ ಬೆಂಗಳೂರಿನ ಜ್ಞಾನಭಾರತಿ ಪೊಲೀಸ್ ಠಾಣೆಯಲ್ಲಿ ಒಂದು ದೂರು ದಾಖಲಾಯಿತು. ದೂರು ಕೊಟ್ಟವರು ಸಾಫ್ಟ್‌ವೇರ್ ಎಂಜಿನಿಯರ್. ಲೈಂಗಿಕ ತೊಂದರೆಗೆ ರಸ್ತೆ ಬದಿಯ ಟೆಂಟಿನಲ್ಲಿ ಔಷಧ ಕೇಳಿ, ಸುಮಾರು 48 ಲಕ್ಷ ರೂಪಾಯಿ ಕಳೆದುಕೊಂಡಿದ್ದರು. ‘ದೇವರಾಜ ಬೂಟಿ’ ಎಂಬ ಔಷಧಕ್ಕೆ ಗ್ರಾಮಿಗೆ 1.6 ಲಕ್ಷ ರೂಪಾಯಿ. ನಗದೇ ಕೊಡಬೇಕು, ಜೊತೆಗೆ ಯಾರನ್ನೂ ಕರೆತರಬಾರದು ಎಂಬ ಷರತ್ತು. ಬ್ಯಾಂಕ್ ಸಾಲ, ಮನೆಯವರ ಹಣ, ಗೆಳೆಯರ ಹಣ ಎಲ್ಲ ಕರಗಿತು. ಕೊನೆಗೆ ಪರೀಕ್ಷೆ ಮಾಡಿಸಿದಾಗ ಮೂತ್ರಪಿಂಡಕ್ಕೆ ಹಾನಿಯಾಗಿರುವುದು ತಿಳಿಯಿತು. ಇದು ದೂರಿನ ಸಾರ.

ಸುದ್ದಿ ಬಂದ ದಿನ ನನ್ನ ಮೂರು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ನಗೆಯೋ ನಗೆ. ಎಂಜಿನಿಯರಿಂಗ್ ಓದಿದವನಿಗೆ ಇಷ್ಟೂ ಬುದ್ಧಿ ಬೇಡವೇ ಎಂದು ಕೆಲವರು. ಗಂಭೀರ ಮುಖದವರು ಬೇರೆ ಉಪದೇಶ ಕೊಟ್ಟರು: ನಮ್ಮ ಗಂಡಸರು ನಾಚಿಕೆ ಬಿಡಬೇಕು, ಡಾಕ್ಟರ ಹತ್ತಿರ ಹೋಗಬೇಕು.

ಇಬ್ಬರೂ ಸುದ್ದಿಯನ್ನು ಪೂರ್ತಿ ಓದಿರಲಿಲ್ಲ. ಆ ಎಂಜಿನಿಯರ್ ಟೆಂಟಿಗೆ ಹೋಗುವ ಮೊದಲು ಆಸ್ಪತ್ರೆಗೇ ಹೋಗಿದ್ದರು. ಡಾಕ್ಟರ ಎದುರು ಕೂತು ತೊಂದರೆ ಹೇಳಿಕೊಂಡವರು ಅವರು. ಆಮೇಲೆ ಟೆಂಟಿನವನಿಗೂ ಹೇಳಿಕೊಂಡರು. ಎರಡೆರಡು ಬಾರಿ ಬಾಯಿಬಿಟ್ಟ ಮನುಷ್ಯನಿಗೆ ನಾಚಿಕೆ ಬಿಡು ಎನ್ನುವುದರಲ್ಲಿ ಏನರ್ಥವಿದೆ?

ಗಂಡಸರ ನಾಚಿಕೆ ಎನ್ನುವುದು ಎಲ್ಲರಿಗೂ ಅನುಕೂಲದ ವಿವರಣೆ. ತಪ್ಪು ರೋಗಿಯದೇ ಎಂದಾದ ಮೇಲೆ ಡಾಕ್ಟರು, ಪತ್ರಿಕೆ, ಸರ್ಕಾರ, ಭಾಷೆ ಯಾವುದೂ ಉತ್ತರ ಕೊಡಬೇಕಿಲ್ಲ. ನನ್ನ ವಾದ ಬೇರೆ. ನಿಮಿರು ತೊಂದರೆಗೆ ಚಿಕಿತ್ಸೆ ಇದೆ, ಬಹುಪಾಲು ಅಗ್ಗವಾಗಿಯೇ ಇದೆ. ಆದರೆ ಆ ತೊಂದರೆಯ ಬಗ್ಗೆ ಕನ್ನಡದಲ್ಲಿ ಕೂತು ಮಾತಾಡುವ ಕೆಲಸವನ್ನು ನಾವು ಪೂರ್ತಿಯಾಗಿ ಮಾರುವವರಿಗೆ ಬಿಟ್ಟುಕೊಟ್ಟಿದ್ದೇವೆ. ಟೆಂಟು ಗೆಲ್ಲುವುದು ಅದಕ್ಕೇ.

*

ಮೊದಲು ಪದಗಳನ್ನೇ ನೋಡೋಣ, ನನ್ನ ಕಸುಬು ಅದು.

ಕನ್ನಡದಲ್ಲಿ ಈ ತೊಂದರೆಗೆ ಕೋರ್ಟು, ಪತ್ರಿಕೆ, ನಿಘಂಟು ಬಳಸುವ ಪದ ‘ನಪುಂಸಕತೆ’ ಅಥವಾ ‘ನಪುಂಸಕತ್ವ’. ಶಾಲೆಯ ವ್ಯಾಕರಣ ನೆನಪಿಸಿಕೊಳ್ಳಿ: ಪುಲ್ಲಿಂಗ, ಸ್ತ್ರೀಲಿಂಗ, ನಪುಂಸಕಲಿಂಗ. ಕಲ್ಲು, ಮರ, ಕುರ್ಚಿ ಇರುವ ಲಿಂಗ ಅದು. ಸಕ್ಕರೆ ಕಾಯಿಲೆಯಿಂದ ಒಂದು ರಕ್ತನಾಳ ಕಿರಿದಾದ ಮಾತ್ರಕ್ಕೆ ಮನುಷ್ಯನನ್ನು ಗಂಡಸರ ಸಾಲಿನಿಂದಲೇ ಎಬ್ಬಿಸಿ ಕಳಿಸುವ ಪದವನ್ನು ರೋಗದ ಹೆಸರು ಎನ್ನಲಾಗುವುದಿಲ್ಲ. ಅದು ತೀರ್ಪು. ಇದೇ ಪದದ ಅಣ್ಣತಮ್ಮಂದಿರು ಚುನಾವಣಾ ಭಾಷಣಗಳಲ್ಲಿ ಬೈಗುಳವಾಗಿ ಓಡಾಡುತ್ತವೆ. 2014ರಲ್ಲಿ ನಿತ್ಯಾನಂದನನ್ನು ವಿಕ್ಟೋರಿಯಾ ಆಸ್ಪತ್ರೆಗೆ ಕರೆತಂದಾಗ ಕನ್ನಡ ವಾಹಿನಿಗಳು ‘ಪುರುಷತ್ವ ಪರೀಕ್ಷೆ’ ಎಂದು ಕೂಗಿದ್ದನ್ನು ಕೇಳಿದ್ದೇವೆ. ಪುರುಷತ್ವ ಎನ್ನುವುದು ಪಾಸು ಫೇಲು ಆಗುವ ವಸ್ತು ಎಂದು ಅವತ್ತು ಟಿವಿ ಮುಂದೆ ಕೂತಿದ್ದ ಪ್ರತಿ ಹುಡುಗನೂ ಕಲಿತ.

ಇಂಗ್ಲಿಷಿನಲ್ಲೂ ಇಂಥದೇ ಪದವಿತ್ತು, ಇಂಪೊಟೆನ್ಸ್. ಶಕ್ತಿಹೀನತೆ ಎಂದರ್ಥ. 1992ರ ಡಿಸೆಂಬರಿನಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ತಜ್ಞರ ಸಭೆ ಕರೆದು, ಈ ಪದ ಅವಮಾನಕಾರಿಯೂ ಹೌದು, ಅಸ್ಪಷ್ಟವೂ ಹೌದು ಎಂದು ಕಂಡು, ಅದರ ಬದಲು ‘ಎರೆಕ್ಟೈಲ್ ಡಿಸ್‌ಫಂಕ್ಷನ್’ ಬಳಸಲು ಹೇಳಿತು. ಅದಾಗಿ ಮೂರು ದಶಕ ಕಳೆಯಿತು. ನಮ್ಮಲ್ಲಿ ಅಂಥ ಸಭೆ ಯಾರೂ ಕರೆಯಲಿಲ್ಲ. ಗೂಗಲ್‌ನ ಅನುವಾದ ಯಂತ್ರ ‘ನಿಮಿರುವಿಕೆಯ ಅಪಸಾಮಾನ್ಯ ಕ್ರಿಯೆ’ ಎಂದು ಕೊಡುತ್ತದೆ. ಯಾವ ಗಂಡಸೂ ಈ ಪದವನ್ನು ಇನ್ನೊಬ್ಬ ಮನುಷ್ಯನ ಎದುರು ಉಚ್ಚರಿಸಲಾರ.

ಈ ಖಾಲಿ ಜಾಗದಲ್ಲಿ ಅಂಗಡಿ ಹಾಕಿದವರು ಜಾಹೀರಾತಿನವರು. ಅವರ ಮೊದಲ ಪದ ‘ನರದೌರ್ಬಲ್ಯ’. ಎರಡನೆಯದು ‘ಧಾತು ನಷ್ಟ’. ಮೂರನೆಯದು ‘ಗುಪ್ತರೋಗ’. ಹೈದರಾಬಾದಿನ ಗೋಡೆಗಳ ಮೇಲೆ ಇವೇ ತೆಲುಗು, ಹಿಂದಿ, ಉರ್ದುಗಳಲ್ಲಿ ಇವೆ. ಇಮ್ಲಿಬನ್ ಬಸ್ ನಿಲ್ದಾಣದಲ್ಲಿ ಕಲಬುರಗಿ, ಬೀದರ್ ಬಸ್ಸಿನಿಂದ ಇಳಿದವನು ಯಾವ ಲಿಪಿ ಓದಿದರೂ ಒಂದೇ ಕತೆ. ‘ಗುಪ್ತ’ ಎನ್ನುವ ವಿಶೇಷಣ ಮಾಡುವ ಕೆಲಸ ಗಮನಿಸಿ. ನಿಮಿರದಿರುವುದು, ಬೇಗ ಸ್ಖಲಿಸುವುದು, ಸೋಂಕು, ರೋಗವೇ ಅಲ್ಲದ ಸ್ವಪ್ನಸ್ಖಲನ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ, ಬಾಯಿಗೆ ಗಂಟು ಹಾಕುತ್ತದೆ. ಗುಪ್ತವಾದದ್ದಕ್ಕೆ ಇನ್ನೊಬ್ಬರ ಅಭಿಪ್ರಾಯ ಕೇಳಲಾಗದು, ರಸೀದಿ ಕೇಳಲಾಗದು, ಮೋಸವಾದರೆ ದೂರಲಾಗದು. ಜೊತೆಗೆ ಯಾರನ್ನೂ ಕರೆತರಬೇಡ ಎಂಬ ಬೆಂಗಳೂರಿನ ಷರತ್ತು ಆ ಪದದೊಳಗೇ ಇತ್ತು.

‘ಧಾತು’ವಿನ ಕತೆಯೂ ಹಾಗೆಯೇ. ವೀರ್ಯ ಹೋದರೆ ಸತ್ತ್ವವೇ ಹೋಯಿತು ಎಂದು ನಂಬಿ ನಿಶ್ಶಕ್ತರಾಗುವ ಯುವಕರ ಸ್ಥಿತಿಗೆ ಮನೋವೈದ್ಯ ಎನ್.ಎನ್. ವಿಗ್ 1960ರಲ್ಲೇ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ವೈದ್ಯಶಾಸ್ತ್ರ ಇದನ್ನು ಒಂದು ಭಯವೆಂದು ಗುರುತಿಸಿ ಅರವತ್ತು ವರ್ಷ ದಾಟಿದೆ. ಅದೇ ಭಯ ಇವತ್ತಿಗೂ ಡಬ್ಬಿಯಲ್ಲಿ ಮಾರಾಟವಾಗುತ್ತಿದೆ.

ನನ್ನ ಕಸುಬಿನಲ್ಲೂ ಇದನ್ನು ಕಂಡಿದ್ದೇನೆ. ಎರಡು ವರ್ಷದ ಹಿಂದೆ ಆನ್‌ಲೈನಿನಲ್ಲಿ ಔಷಧ ಮಾರುವ ಒಂದು ಕಂಪನಿಗೆ ರೋಗಿಗಳ ಮಾಹಿತಿ ಹಾಳೆಗಳನ್ನು ಕನ್ನಡಕ್ಕೆ ಮಾಡಿಕೊಟ್ಟೆ. ‘ನಿಮಿರು ತೊಂದರೆ’ ಎಂದು ಬರೆದಿದ್ದೆ. ವಾಪಸ್ಸು ಬಂದ ಫೈಲಿನಲ್ಲಿ ಅದು ‘ಪುರುಷ ದೌರ್ಬಲ್ಯ’ ಆಗಿತ್ತು. ಕಾರಣ ಕೇಳಿದೆ. ಜನ ಹುಡುಕುವುದು ಅದನ್ನೇ ಎಂದರು. ಜನ ಯಾಕೆ ಅದನ್ನೇ ಹುಡುಕುತ್ತಾರೆ? ಬೇರೆ ಪದವನ್ನು ಯಾರೂ ಅವರಿಗೆ ಕೊಟ್ಟಿಲ್ಲ.

ಕನ್ನಡಕ್ಕೆ ಈ ವಿಷಯ ಮಾತಾಡುವ ಶಕ್ತಿ ಇಲ್ಲ ಎನ್ನಬೇಡಿ. 11ನೇ ಶತಮಾನದಲ್ಲಿ ಚಂದ್ರರಾಜ ‘ಮದನತಿಲಕ’ ಬರೆದ, 15ನೇ ಶತಮಾನದಲ್ಲಿ ಕಲ್ಲರಸ ‘ಜನವಶ್ಯ’ ಬರೆದ. ಇಪ್ಪತ್ತನೇ ಶತಮಾನದಲ್ಲಿ ವೈದ್ಯೆಯೂ ಆಗಿದ್ದ ಅನುಪಮಾ ನಿರಂಜನ ‘ದಾಂಪತ್ಯ ದೀಪಿಕೆ’ ಬರೆದು ಮನೆಮನೆಗೆ ಮುಟ್ಟಿಸಿದರು. ನಿಮಿರು ಎಂಬ ಕ್ರಿಯಾಪದ ಅಚ್ಚಗನ್ನಡದ್ದು. ಕೂದಲು ನಿಮಿರುತ್ತದೆ, ಕಿವಿ ನಿಮಿರುತ್ತದೆ, ಬೆನ್ನು ನಿಮಿರುತ್ತದೆ. ಅದರಲ್ಲಿ ಅವಮಾನವೂ ಇಲ್ಲ, ಅಶ್ಲೀಲವೂ ಇಲ್ಲ.

*

ಈಗ ‘ನರದೌರ್ಬಲ್ಯ’ದ ಸುಳ್ಳನ್ನು ಬಿಡಿಸೋಣ. ನಿಮಿರುವುದು ಮುಖ್ಯವಾಗಿ ರಕ್ತದ ಕೆಲಸ. ಆಸೆ ಹುಟ್ಟಿದಾಗ ನರಗಳ ತುದಿಯಿಂದ ನೈಟ್ರಿಕ್ ಆಕ್ಸೈಡ್ ಬಿಡುಗಡೆಯಾಗುತ್ತದೆ. ಅದರಿಂದ ಶಿಶ್ನದೊಳಗಿನ ಸ್ನಾಯುಗಳು ಸಡಿಲವಾಗುತ್ತವೆ, ರಕ್ತ ಒಳನುಗ್ಗಿ ತುಂಬಿಕೊಳ್ಳುತ್ತದೆ, ಹೊರಹೋಗುವ ದಾರಿ ಒತ್ತಿಹೋಗುತ್ತದೆ. ಅಂದರೆ ಬಿಗಿತ ಬರುವುದು ಒಳಗಿನ ಸ್ನಾಯು ಸಡಿಲಗೊಂಡಾಗ. ಹೆದರಿಕೆಯಾದಾಗ ದೇಹ ಅಡ್ರಿನಾಲಿನ್ ಸುರಿದು ಅದೇ ಸ್ನಾಯುಗಳನ್ನು ಬಿಗಿಹಿಡಿಯುತ್ತದೆ. ‘ಗಂಡಸಾಗಿದ್ದರೆ ತೋರಿಸು’ ಎಂಬ ಸವಾಲು ಮಲಗುವ ಕೋಣೆಯಲ್ಲಿ ಸೋಲುವುದು ಇದಕ್ಕೇ.

ಇನ್ನೊಂದು ಸಂಗತಿ ಪ್ರಾಣಕ್ಕೇ ಸಂಬಂಧಿಸಿದ್ದು. ಶಿಶ್ನಕ್ಕೆ ಹೋಗುವ ರಕ್ತನಾಳ ಒಂದೆರಡು ಮಿಲಿಮೀಟರ್ ಅಗಲ, ಹೃದಯದ್ದು ಮೂರು ನಾಲ್ಕು. ಕೊಬ್ಬು ಕಟ್ಟತೊಡಗಿದರೆ ಕಿರಿದಾದದ್ದು ಮೊದಲು ತೋರಿಸುತ್ತದೆ. ಎದೆನೋವಿಗೆ ಎರಡು ಮೂರು ವರ್ಷ ಮೊದಲೇ ನಿಮಿರು ತೊಂದರೆ ಕಾಣಿಸಿಕೊಳ್ಳಬಹುದು ಎಂಬುದು ಹೃದ್ರೋಗ ತಜ್ಞರಿಗೆಲ್ಲ ಗೊತ್ತು. ನಲವತ್ತೈದರ ಗಂಡಸು ಈ ದೂರು ಹೊತ್ತು ಬಂದರೆ ಸಕ್ಕರೆ, ರಕ್ತದೊತ್ತಡ, ಕೊಲೆಸ್ಟರಾಲ್ ನೋಡಬೇಕು. ಟೆಂಟಿನವನು ಕಸಿಯುವುದು ಹಣವನ್ನಷ್ಟೇ ಅಲ್ಲ, ಈ ಎರಡು ಮೂರು ವರ್ಷಗಳ ಮುನ್ಸೂಚನೆಯನ್ನೂ.

2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ ಸಕ್ಕರೆ ಕಾಯಿಲೆಯವರು ಸುಮಾರು 10.1 ಕೋಟಿ. ಸಕ್ಕರೆ ಇರುವ ಗಂಡಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಒಂದಲ್ಲ ಒಂದು ಹಂತದ ನಿಮಿರು ತೊಂದರೆ ಇರುತ್ತದೆ. ಹೀಗಿದ್ದೂ ಸಕ್ಕರೆ ಕ್ಲಿನಿಕ್ಕಿನಲ್ಲಿ ಆ ಪ್ರಶ್ನೆ ಯಾರು ಕೇಳುತ್ತಾರೆ?

*

ಕಲ್ಯಾಣ ಕರ್ನಾಟಕದ ಜನ ದೊಡ್ಡ ಆಸ್ಪತ್ರೆ ಎಂದರೆ ಹೈದರಾಬಾದಿಗೇ ಬರುತ್ತಾರೆ. ಇಲ್ಲಿನ ಕಾರ್ಪೊರೇಟ್ ಆಸ್ಪತ್ರೆಗಳು ವಿದೇಶಿ ರೋಗಿಗಳಿಗೆ ಅರಬ್ಬಿ ದುಭಾಷಿಗಳನ್ನು ಇಟ್ಟಿವೆ. ಸೇಡಂನಿಂದ ಬಂದವನಿಗೆ ಹಿಂದಿಯೇ ಗತಿ. ಪರಿಚಯದವರ ಪರಿಚಯದವರಿಗೆ ಮಾತು ದಾಟಿಸಲು ನಾನು ಆಗಾಗ ಜೊತೆಗೆ ಹೋಗುತ್ತೇನೆ. ಹಾಗೆ ಕೇಳಿದ ಮೂರು ಅನುಭವಗಳು ಇಲ್ಲಿವೆ. ಒಪ್ಪಿಗೆ ಪಡೆದಿದ್ದೇನೆ, ಗುರುತು ಬದಲಿಸಿದ್ದೇನೆ.

ಮೊದಲನೆಯವರು ಶಾಲಾ ಮಾಸ್ತರು, ಐವತ್ತೆರಡು ವಯಸ್ಸು, ಹನ್ನೆರಡು ವರ್ಷದಿಂದ ಸಕ್ಕರೆ. “ಕಣ್ಣು ನೋಡಿದ್ರು, ಕಾಲು ನೋಡಿದ್ರು, ಕಿಡ್ನಿ ನೋಡಿದ್ರು. ಇದೊಂದು ಯಾರೂ ಕೇಳ್ಲೇ ಇಲ್ಲ ನೋಡ್ರಿ. ನಾನಾಗೇ ಹ್ಯಾಂಗ ಹೇಳ್ಲಿ?” ಔಷಧಿ ಅಂಗಡಿಯಲ್ಲಿ ಪಿಸುಗುಟ್ಟಿ ಸಿಲ್ಡೆನಫಿಲ್ ಮಾತ್ರೆ ಕೊಂಡರು. ಹೊಟ್ಟೆ ತುಂಬ ಹಬ್ಬದೂಟ ಮಾಡಿ, ಮಾತ್ರೆ ನುಂಗಿ, ತಾನಾಗೇ ಏಳುತ್ತದೆಂದು ಟಿವಿ ನೋಡುತ್ತ ಕೂತರು. ಏನೂ ಆಗಲಿಲ್ಲ. ಇಂಗ್ಲಿಷ್ ಮಾತ್ರೆಯೂ ಸೋತಿತು ಎಂದು ತೀರ್ಮಾನಿಸಿ ಒಂದು ‘ಖಾಂದಾನಿ ದವಾಖಾನಾ’ಕ್ಕೆ ಆರು ತಿಂಗಳು ನಲವತ್ತು ಸಾವಿರ ಕೊಟ್ಟರು. ಎರಡು ವರ್ಷದ ಮೇಲೆ ಒಬ್ಬ ವೈದ್ಯರು ಹತ್ತು ನಿಮಿಷ ಕೂತು ಹೇಳಿದರು: ಮಾತ್ರೆ ಆಸೆಯನ್ನು ಹುಟ್ಟಿಸುವುದಿಲ್ಲ, ಆಸೆ ಹುಟ್ಟಿದ ಮೇಲೆ ರಕ್ತಕ್ಕೆ ದಾರಿ ಬಿಡಿಸುತ್ತದೆ. ಒಂದು ಗಂಟೆ ಮೊದಲು ತೊಗೊಳ್ಳಿ, ಎಣ್ಣೆಯೂಟ ಬೇಡ, ಒಂದು ಸಲಕ್ಕೆ ಕೈಬಿಡಬೇಡಿ. ಈಗ ಹೆಚ್ಚಿನ ಸಲ ಕೆಲಸ ಮಾಡುತ್ತದೆ, ಪ್ರತಿ ಸಲ ಅಲ್ಲ. ಅಷ್ಟು ಸಾಕು ಎನ್ನುತ್ತಾರೆ ಅವರು.

ಸಿಲ್ಡೆನಫಿಲ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1998ರ ಮಾರ್ಚಿನಲ್ಲಿ. ಆಗ ನಮ್ಮಲ್ಲಿ ಔಷಧಗಳಿಗೆ ಉತ್ಪನ್ನ ಪೇಟೆಂಟ್ ಇರಲಿಲ್ಲವಾದ್ದರಿಂದ 2001ರ ಹೊತ್ತಿಗೆ ಭಾರತದ ಕಂಪನಿಗಳೇ ಅದನ್ನು ಮಾರತೊಡಗಿದವು. ಇವತ್ತು ಒಂದು ಮಾತ್ರೆ ಹೈದರಾಬಾದಿನ ಒಂದು ಪ್ಲೇಟ್ ಬಿರಿಯಾನಿಗಿಂತ ಅಗ್ಗ. ಆದರೂ ಬಹಳ ಮಂದಿ ಅದನ್ನು ಅರ್ಧಕ್ಕೇ ಬಿಡುತ್ತಾರೆ, ಮಾಸ್ತರರ ಹಾಗೆಯೇ, ಬಳಸುವುದು ಹೇಗೆಂದು ಯಾರೂ ಹೇಳದೆ. ಕಾನೂನಿನ ಪ್ರಕಾರ ಚೀಟಿಯಿಲ್ಲದೆ ಇದನ್ನು ಕೊಡುವಂತಿಲ್ಲ. ಅದಕ್ಕೆ ಕಾರಣವೂ ಇದೆ. ಎದೆನೋವಿಗೆ ಸಾರ್ಬಿಟ್ರೇಟ್‌ನಂಥ ನೈಟ್ರೇಟ್ ಮಾತ್ರೆ ತೊಗೊಳ್ಳುವವರು ಇದನ್ನು ನುಂಗಿದರೆ ರಕ್ತದೊತ್ತಡ ಪಾತಾಳಕ್ಕೆ ಇಳಿದು ಪ್ರಾಣವೇ ಹೋಗಬಹುದು. ಈ ಎಚ್ಚರಿಕೆ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ, ಯಾವ ಔಷಧಿ ಅಂಗಡಿಯಲ್ಲಿ ಅಂಟಿಸಿದ್ದನ್ನು ನೀವು ನೋಡಿದ್ದೀರಿ? ‘ಶುದ್ಧ ಗಿಡಮೂಲಿಕೆ’ ಎಂಬ ಚೀಟಿಯ ಹಿಂದೆ ಇದೇ ರಾಸಾಯನಿಕವನ್ನು ಬೆರೆಸಿ ಮಾರುವುದು ಜಗತ್ತಿನಾದ್ಯಂತ ಪದೇಪದೇ ಸಿಕ್ಕಿಬಿದ್ದಿದೆ. ಆಗ ನುಂಗುವವನಿಗೆ ತಾನು ಏನು ನುಂಗುತ್ತಿದ್ದೇನೆ ಎಂಬುದೂ ಗೊತ್ತಿರುವುದಿಲ್ಲ.

ಎರಡನೆಯವರು ಗಚ್ಚಿಬೌಲಿಯಲ್ಲಿ ಕೆಲಸ ಮಾಡುವ ಇಪ್ಪತ್ತೊಂಬತ್ತರ ಹುಡುಗ, ಹೊಸ ಮದುವೆ. ಬೆಳಗ್ಗೆ ಎದ್ದಾಗ ಸರಿ, ಹೆಂಡತಿಯ ಎದುರು ಮಾತ್ರ ಇಲ್ಲ. ರಕ್ತಪರೀಕ್ಷೆ ಎಲ್ಲ ನೆಟ್ಟಗಿತ್ತು. ಹವಾನಿಯಂತ್ರಿತ ಕ್ಲಿನಿಕ್ಕೊಂದು ಅವನಿಗೆ ‘ಶಾಕ್‌ವೇವ್’ ಪ್ಯಾಕೇಜ್ ಮಾರಿತು, ತೊಂಬತ್ತು ಸಾವಿರಕ್ಕೆ. ಅಮೆರಿಕದ ಮೂತ್ರರೋಗ ತಜ್ಞರ ಸಂಘದ 2018ರ ಮಾರ್ಗಸೂಚಿ ಈ ಶಾಕ್‌ವೇವ್ ಚಿಕಿತ್ಸೆಯನ್ನು ಇನ್ನೂ ಪರೀಕ್ಷೆಯ ಹಂತದ್ದು ಎಂದೇ ಇಟ್ಟಿದೆ. ಆ ಕ್ಲಿನಿಕ್ಕಿನಲ್ಲಿ ಬಿಳಿ ಕೋಟು ಇತ್ತು, ರಸೀದಿ ಇತ್ತು, ಇಂಗ್ಲಿಷ್ ಇತ್ತು. ಟೆಂಟು ಹೊದಿಕೆ ಬದಲಿಸಿತ್ತು, ಅಷ್ಟೇ. ಕೊನೆಗೆ ಅವನಿಗೆ ನೆರವಾದದ್ದು ಗಂಡಹೆಂಡಿರಿಬ್ಬರನ್ನೂ ಐದು ಸಲ ಕೂರಿಸಿಕೊಂಡ ಮನಶ್ಶಾಸ್ತ್ರಜ್ಞೆ. “ಅಷ್ಟು ದಿನ ನನ್ನ ಹೆಂಡತಿಯನ್ನ ಯಾರೂ ಒಂದು ಮಾತೂ ಕೇಳಿರಲಿಲ್ಲ ಸರ್, ಅವಳು ತನ್ನದೇ ತಪ್ಪು ಅಂದ್ಕೊಂಡಿದ್ದಳು” ಅಂದ.

ಮೂರನೆಯವರು ಬೀದರ್ ಕಡೆಯ ನಿವೃತ್ತ ನೌಕರರು. ಪ್ರಾಸ್ಟೇಟ್ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯ ನಂತರ ಮಾತ್ರೆ ಕೆಲಸ ಮಾಡಲಿಲ್ಲ. ವೈದ್ಯರು ನಿರ್ವಾತ ಪಂಪು ಕೊಟ್ಟರು. ಕೊಳವೆಯೊಳಗಿನ ಗಾಳಿ ಎಳೆದು ರಕ್ತ ತುಂಬಿಸಿ, ಬುಡಕ್ಕೆ ರಬ್ಬರ್ ಬಳೆ ಹಾಕುವ ಸಾಧನ. “ಸೈಕಲ್ಲಿಗೆ ಗಾಳಿ ಹೊಡದಂಗ ಅಂತ ನಮ್ಮನ್ಯಾಕಿ ನಕ್ಕಳು. ಆಮ್ಯಾಲ ನಾನೂ ನಕ್ಕೆ. ನಕ್ಕ ಮ್ಯಾಲ ಹೆದರಿಕಿ ಹೋತು.” ಈ ಸಾಧನವನ್ನು ರೂಢಿಗೆ ತಂದ ಗೆಡ್ಡಿಂಗ್ಸ್ ಆಸ್ಬನ್ ಅಮೆರಿಕದ ಜಾರ್ಜಿಯಾದಲ್ಲಿ ಟಯರ್ ವ್ಯಾಪಾರ ಮಾಡುತ್ತಿದ್ದವರು, ತಮ್ಮದೇ ತೊಂದರೆಗೆ ಅದನ್ನು ಮಾಡಿಕೊಂಡವರು.

ಇದರಾಚೆಗೂ ಮೆಟ್ಟಿಲುಗಳಿವೆ. ಶಿಶ್ನಕ್ಕೇ ಕೊಡುವ ಚುಚ್ಚುಮದ್ದು ಮಾತ್ರೆ ಸೋತ ಅನೇಕರಿಗೆ ಕೆಲಸ ಮಾಡುತ್ತದೆ, ನಾಲ್ಕು ಗಂಟೆ ಮೀರಿ ಇಳಿಯದಿದ್ದರೆ ತಕ್ಷಣ ಆಸ್ಪತ್ರೆಗೆ ಓಡಬೇಕು. ಕೊನೆಯ ಮೆಟ್ಟಿಲು ಶಸ್ತ್ರಚಿಕಿತ್ಸೆ ಮಾಡಿ ಒಳಗೆ ಕೂರಿಸುವ ಇಂಪ್ಲಾಂಟ್. ಆಮದಾದದ್ದು ದುಬಾರಿ. ಮುಂಬೈನ ಡಾ. ರೂಪಿನ್ ಶಾ ರೂಪಿಸಿದ ದೇಶೀ ಇಂಪ್ಲಾಂಟ್ ಕಡಿಮೆ ಬೆಲೆಯದು. ಸಿಗರೇಟು ಬಿಡುವುದು, ಸಕ್ಕರೆ ಹಿಡಿತಕ್ಕೆ ತರುವುದು, ದಿನಾ ನಡೆಯುವುದು ಎಲ್ಲ ಮೆಟ್ಟಿಲಿಗೂ ಕೆಳಗಿನ ನೆಲ. ಈ ಪಟ್ಟಿಯಲ್ಲಿ ಯಾವುದೂ ಗ್ರಾಮಿಗೆ ಲಕ್ಷ ರೂಪಾಯಿಯದಲ್ಲ. ಯಾವುದನ್ನೂ ಒಬ್ಬರೇ ಗುಟ್ಟಾಗಿ ಕೊಳ್ಳಬೇಕಾಗಿಯೂ ಇಲ್ಲ.

*

ಆಯುರ್ವೇದ, ಯುನಾನಿಯನ್ನು ಹಳಿಯುತ್ತಿದ್ದೀರಿ ಎಂದು ಕೆಲವರು ಪತ್ರ ಬರೆಯುತ್ತೀರಿ, ಗೊತ್ತು. ಚರಕ ಸಂಹಿತೆ ಕ್ಲೈಬ್ಯವನ್ನು ಕಾರಣ ನೋಡಿ ನಾಲ್ಕಾಗಿ ವಿಂಗಡಿಸುತ್ತದೆ, ಮುಪ್ಪನ್ನೂ ಒಂದು ಕಾರಣವೆಂದು ಒಪ್ಪುತ್ತದೆ. ಚಾರ್‌ಮಿನಾರ್ ಪಕ್ಕದ ನಿಜಾಮಿಯಾ ಸರ್ಕಾರಿ ಯುನಾನಿ ಆಸ್ಪತ್ರೆಯಲ್ಲಿ ನೋಂದಾಯಿತ ಹಕೀಮರಿದ್ದಾರೆ. ಅವರನ್ನು ನಾಳೆ ಹುಡುಕಿಕೊಂಡು ಹೋಗಿ ಪ್ರಶ್ನೆ ಕೇಳಬಹುದು. ಟೆಂಟಿನವನು ನಾಳೆ ಅಲ್ಲಿರುವುದಿಲ್ಲ. ಯಾವ ಪದ್ಧತಿಯೇ ಆಗಲಿ, ಔಷಧ ಕೆಲಸ ಮಾಡುತ್ತದೆ ಎಂದು ತೋರಿಸುವ ಹೊಣೆ ಮಾರುವವನದು. ಪರಂಪರೆಯ ಹೆಸರು ಹೇಳಿದರೆ ಆ ಹೊಣೆ ತಪ್ಪುವುದಿಲ್ಲ.

ಕಾನೂನು ಇಲ್ಲವೆಂದಲ್ಲ. 1954ರ ಔಷಧ ಮತ್ತು ಮಾಂತ್ರಿಕ ಚಿಕಿತ್ಸೆಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ ಲೈಂಗಿಕ ಸಾಮರ್ಥ್ಯ ಹೆಚ್ಚಿಸುತ್ತೇವೆ ಎನ್ನುವ ಔಷಧ ಜಾಹೀರಾತನ್ನೇ ನಿಷೇಧಿಸಿದೆ. ಬಾಯಿಮಾತಿನ ಘೋಷಣೆಯೂ ಅದರ ಪ್ರಕಾರ ಜಾಹೀರಾತು. ಬೆಳಕು, ಶಬ್ದ, ಹೊಗೆಯಲ್ಲಿ ತೋರಿಸಿದರೂ ಜಾಹೀರಾತೇ. ಅದರ ಪ್ರಕಟಣೆಯಲ್ಲಿ ಪಾಲುಗೊಂಡ ಯಾರೂ ಹೊಣೆಗಾರರು, ಅಂದರೆ ಪತ್ರಿಕೆ, ವಾಹಿನಿಗಳೂ. ಹಮ್‌ದರ್ದ್ ದವಾಖಾನಾ ಇದನ್ನು ಪ್ರಶ್ನಿಸಿದಾಗ 1959ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕೆಲವು ಭಾಗ ಮಾತ್ರ ಕೈಬಿಟ್ಟು ಜಾಹೀರಾತು ನಿಷೇಧವನ್ನು ಎತ್ತಿಹಿಡಿಯಿತು. ಮೊದಲ ಸಲ ತಪ್ಪಿತಸ್ಥನಾದರೆ ಶಿಕ್ಷೆ ಹೆಚ್ಚೆಂದರೆ ಆರು ತಿಂಗಳು. 2020ರ ಫೆಬ್ರವರಿಯ ಕರಡು ತಿದ್ದುಪಡಿ ಅದನ್ನು ಎರಡು ವರ್ಷ ಜೈಲು, ಹತ್ತು ಲಕ್ಷ ದಂಡಕ್ಕೆ ಏರಿಸಲು ಹೊರಟಿತ್ತು. ತೆಲಂಗಾಣದ ಔಷಧ ನಿಯಂತ್ರಣ ಇಲಾಖೆ ಈಚಿನ ವರ್ಷಗಳಲ್ಲಿ ಈ ಹಳೆಯ ಕಾಯ್ದೆಯನ್ನೇ ಹಿಡಿದು ದಾಳಿ ಮಾಡಿ ಸುಳ್ಳು ಹೇಳಿಕೆಯ ಔಷಧಗಳನ್ನು ವಶಪಡಿಸಿಕೊಂಡಿದೆ. ಮನಸ್ಸಿದ್ದರೆ ಈ ಕಾಯ್ದೆ ಸಾಲುತ್ತದೆ.

ಆದರೆ ಟೆಂಟನ್ನು ಕಿತ್ತರೆ ಸಾಲದು. ಅದು ಕೂತ ಜಾಗದಲ್ಲಿ ಬೇರೇನನ್ನಾದರೂ ಕೂರಿಸಬೇಕು. ನನ್ನ ಬೇಡಿಕೆಗಳು ಮೂರು.

ಒಂದು, ಸಕ್ಕರೆ, ಬಿಪಿ, ಹೃದಯದ ರೋಗಿಗಳನ್ನು ನೋಡುವ ಪ್ರತಿ ವೈದ್ಯರೂ ಗಂಡಸರಿಗೆ ತಾವಾಗಿ ಒಂದು ಪ್ರಶ್ನೆ ಕೇಳಬೇಕು. “ಸಕ್ಕರೆ ಇದ್ದವರಿಗೆ ನಿಮಿರುವುದರಲ್ಲಿ ತೊಂದರೆ ಬರುವುದುಂಟು, ನಿಮಗೆ ಹಾಗೇನಾದರೂ ಇದೆಯೇ?” ಇಪ್ಪತ್ತು ಸೆಕೆಂಡಿನ ಕೆಲಸ. ಕೇಳುವವರು ವೈದ್ಯರಾದರೆ ಹೇಳುವ ಭಾರ ರೋಗಿಯ ತಲೆಯಿಂದ ಇಳಿಯುತ್ತದೆ.

ಎರಡು, ಕನ್ನಡ ಪತ್ರಿಕೆಗಳು ಆರೋಗ್ಯ ಪುಟದಲ್ಲಿ ವೈದ್ಯರ ಅಂಕಣ, ವರ್ಗೀಕೃತ ಪುಟದಲ್ಲಿ ‘ಪುರುಷ ಶಕ್ತಿ’ಯ ಡಬ್ಬಿ ಎರಡನ್ನೂ ಅಚ್ಚು ಹಾಕುವುದನ್ನು ನಿಲ್ಲಿಸಬೇಕು. ಸುದ್ದಿಯಲ್ಲಿ ‘ನಪುಂಸಕ’ ಪದವನ್ನು ಕೈಬಿಡಬೇಕು.

ಮೂರು, ಆಸ್ಪತ್ರೆಯ ಬೋರ್ಡಿನಿಂದ ಔಷಧದ ಚೀಟಿಯವರೆಗೆ ಬಳಸುವ ಒಂದು ಪದ ಬೇಕು. ‘ನಿಮಿರು ತೊಂದರೆ’ ಎನ್ನಿ. ಇನ್ನೂ ಸುಲಭ ಬೇಕಾದರೆ ಜನ ಹೇಳುವಂತೆಯೇ ‘ಗಟ್ಟಿಯಾಗುವುದಿಲ್ಲ’ ಎನ್ನಿ. ಕಂಪ್ಯೂಟರಿನ ಪ್ರತಿ ಗುಂಡಿಗೂ ಕನ್ನಡ ಪದ ಕಟ್ಟಿ ಜಗಳವಾಡುವ ನಾವು ಇದಕ್ಕೊಂದು ದಿನ ಕೊಡಬಹುದು.

ಓದುತ್ತಿರುವ ನಿಮಗೇ ಈ ತೊಂದರೆ ಇದ್ದರೆ, ಹತ್ತಿರದ ಸರ್ಕಾರಿ ಆಸ್ಪತ್ರೆಯ ಮೂತ್ರರೋಗ ವಿಭಾಗದ ಹೊರರೋಗಿ ಚೀಟಿ ಸಾಕು, ಇಲ್ಲವೇ ನಿಮ್ಮ ಸಕ್ಕರೆಯ ಡಾಕ್ಟರೇ ಸಾಕು. ಆಗುವುದಾದರೆ ಹೆಂಡತಿಯನ್ನು ಜೊತೆಗೆ ಕರೆದೊಯ್ಯಿರಿ. ಒಬ್ಬನೇ ಬಾ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ.